ಹಳೆ ಓಣಿಯವರನ್ನು ಕೂಡಿಸಲು ಯಾವುದು ಮೇಲು? ವಾಟ್ಸಾಪ್, ಫೇಸ್‌ಬುಕ್, ಟೆಲಿಗ್ರಾಂ, ಆಲ್ಬಮ್, ನಕ್ಷೆ: ಬಳಸಿ ನೋಡಿದ ಹೋಲಿಕೆ

ಬ್ರಹ್ಮಪುರ, ಶಹಾಬಜಾರ್, ಮಕ್ತಂಪುರ, ಯಾವುದೇ ಹಳೆ ಕಲಬುರಗಿ ಓಣಿ ತೆಗೆದುಕೊಳ್ಳಿ. ಒಂದೇ ನಲ್ಲಿಗೆ ಕೊಡ ಹಚ್ಚಿದ ಮನೆಗಳ ಮಕ್ಕಳು ಇವತ್ತು ಪುಣೆ, ಸೊಲ್ಲಾಪುರ, ಹೈದರಾಬಾದ್, ಬೆಂಗಳೂರು ಎಂದು ಚದುರಿದ್ದಾರೆ. ಅವರನ್ನು ಫೋನಿನಲ್ಲಿ ಮತ್ತೆ ಕೂಡಿಸಲು ಹೊರಟವರು ಮೊದಲು ಮಾಡುವುದು ಒಂದು ವಾಟ್ಸಾಪ್ ಗುಂಪು. ಮೊದಲ ವಾರ ಜಾತ್ರೆಯ ಗದ್ದಲ. ಆರು ತಿಂಗಳಿಗೆ ಬರೀ ‘ಶುಭೋದಯ’ದ ಹೂವಿನ ಚಿತ್ರ. ಮಂದಿಯನ್ನು ಹುಡುಕುವುದು, ಅವರ ಬಾಯಿ ಬಿಡಿಸುವುದು, ಬಂದ ನೆನಪನ್ನು ಜೋಪಾನ ಮಾಡುವುದು ಮೂರೂ ಬೇರೆ ಬೇರೆ ಕೆಲಸ. ಮೂರನ್ನೂ ಒಂದೇ ಆ್ಯಪಿನ ತಲೆಗೆ ಕಟ್ಟಿದರೆ ಹೀಗೇ ಆಗುತ್ತದೆ.

ಕೆಳಗಿನ ಐದನ್ನೂ ಒಂದೇ ಬಗೆಯ ಕೆಲಸಕ್ಕೆ, ಅವೇ ಫೋಟೊ ಮತ್ತು ಅವೇ ಧ್ವನಿ ಸಂದೇಶಗಳನ್ನು ಹಾಕಿ ನೋಡಿ ಹೋಲಿಸಿದ್ದೇವೆ.

ಹುಡುಕುವುದಕ್ಕೆ ಫೇಸ್‌ಬುಕ್

ಫೋನ್ ನಂಬರ್ ಗೊತ್ತಿಲ್ಲದ ಮನುಷ್ಯನನ್ನು ಹೆಸರಿನಿಂದ ಹುಡುಕಲು ವಾಟ್ಸಾಪ್ ಉಪಯೋಗಕ್ಕೆ ಬರುವುದಿಲ್ಲ. ಟೆಲಿಗ್ರಾಂನಲ್ಲೂ ಅವರ ಬಳಕೆದಾರ ಹೆಸರು ಗೊತ್ತಿರಬೇಕು. ಈ ಒಂದು ಕೆಲಸದಲ್ಲಿ ಫೇಸ್‌ಬುಕ್‌ಗೆ ಸಾಟಿ ಇಲ್ಲ. ಆದರೆ ನಮ್ಮೂರಿನ ಮಟ್ಟಿಗೆ ಒಂದು ತೊಡಕಿದೆ. ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮೊದಲು ಊರು ಬಿಟ್ಟವರ ಪ್ರೊಫೈಲಿನಲ್ಲಿ ಹುಟ್ಟೂರು ಇನ್ನೂ ಗುಲ್ಬರ್ಗಾ ಎಂದೇ ಇರುತ್ತದೆ. ಹಾಗಾಗಿ ಒಂದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಗುಲ್ಬರ್ಗಾ, ಕಲಬುರಗಿ, ಕಲಬುರ್ಗಿ ಎಂದು ಮೂರು ಸಲ, ಕನ್ನಡದಲ್ಲಿ ಇನ್ನೊಂದು ಸಲ ಹುಡುಕಬೇಕು. ಯಾದಗಿರಿ ಕಡೆಯವರಾಗಿದ್ದರೂ ಗುಲ್ಬರ್ಗಾ ಎಂದು ಹುಡುಕಿ ನೋಡಿ. ಅದು ಬೇರೆ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ.

ಅಡ್ಡಹೆಸರಿನದೂ ಹೀಗೇ. ಪಾಟೀಲ ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬರು ಒಂದು ಐ ಹಾಕಿ ಬರೆದರೆ ಇನ್ನೊಬ್ಬರು ಎರಡು ಇ ಹಾಕುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ನೇರ ಹುಡುಕಾಟ ಬಹುಪಾಲು ವಿಫಲ: ಮದುವೆಯಾದ ಮೇಲೆ ಅಡ್ಡಹೆಸರು ಬದಲಾಗಿರುತ್ತದೆ, ಕೆಲವರ ಮನೆಯಲ್ಲಿ ಹೆಸರೇ ಬದಲಾಗಿರುತ್ತದೆ, ಪ್ರೊಫೈಲಿಗೆ ಬೀಗ ಹಾಕಿರುತ್ತಾರೆ. ಮೊದಲು ಅಣ್ಣನನ್ನೋ ತಮ್ಮನನ್ನೋ ಹುಡುಕಿ, ಅವರ ಸ್ನೇಹಿತರ ಪಟ್ಟಿ ತೆರೆದಿದ್ದರೆ ಅಲ್ಲಿ ನೋಡಿ. ಸಿಕ್ಕರೂ ಅಕ್ಕನಿಗೆ ನೇರವಾಗಿ ಬರೆಯುವ ಬದಲು ಅಣ್ಣನ ಮೂಲಕ ಕೇಳುವುದು ನಮ್ಮ ಕಡೆಯ ರೀತಿಗೂ ಸರಿ, ಉತ್ತರವೂ ಬೇಗ ಬರುತ್ತದೆ.

ಸಿಕ್ಕವರಿಗೆ ಸಂದೇಶ ಕಳಿಸಿ ಸುಮ್ಮನೆ ಕೂಡಬೇಡಿ. ಸ್ನೇಹಿತರ ಪಟ್ಟಿಯಲ್ಲಿ ಇಲ್ಲದವರ ಸಂದೇಶ ‘ಸಂದೇಶ ವಿನಂತಿ’ ಎಂಬ ಬೇರೆ ಡಬ್ಬಿಗೆ ಹೋಗುತ್ತದೆ. ಅದನ್ನು ವರ್ಷಗಟ್ಟಲೆ ತೆರೆಯದವರಿದ್ದಾರೆ. ಸ್ನೇಹ ವಿನಂತಿಯನ್ನೂ ಜೊತೆಗೇ ಕಳಿಸಿ, ಅವರ ಯಾವುದಾದರೂ ಸಾರ್ವಜನಿಕ ಫೋಟೊದ ಕೆಳಗೆ ಒಂದು ಸಾಲು ಬರೆಯಿರಿ. ಆ ಸಾಲಿನಲ್ಲಿ ಗುರುತಿರಲಿ: “ನಾವು ನಿಮ್ಮ ಮನಿ ಎದುರಿನವರ್ರಿ, ಬೇವಿನ ಗಿಡದ ಮನಿ. ನೆನಪದ ಏನ್ರಿ?” ಬರೀ ‘ಹಾಯ್’ ಎಂದರೆ ಮೋಸಗಾರರೆಂದು ತಿಳಿದು ಅಳಿಸಿಬಿಡುತ್ತಾರೆ.

ಗುಂಪು ಮಾಡುವುದಾದರೆ ಖಾಸಗಿಯಾಗಿ ಮಾಡಿ. ಸೇರುವವರಿಗೆ ಮೂರು ಪ್ರಶ್ನೆಗಳವರೆಗೆ ಕೇಳುವ ಸೌಲಭ್ಯವಿದೆ, ಇದನ್ನು ಬಿಡಬೇಡಿ. ‘ನೀವು ಕಲಬುರಗಿಯವರಾ?’ ಎಂಬುದು ಪ್ರಶ್ನೆಯಲ್ಲ. ಯಾರು ಬೇಕಾದರೂ ಹೌದು ಎನ್ನಬಹುದು. ‘ಓಣಿಯ ನಲ್ಲಿ ಯಾರ ಮನೆ ಮುಂದಿತ್ತು?’, ‘ಹಿಟ್ಟಿನ ಗಿರಣಿ ಯಾವ ಕಡೆಗಿತ್ತು?’ ಎಂದರೆ ಅಲ್ಲಿ ಬೆಳೆದವರು ಮಾತ್ರ ಹೇಳಬಲ್ಲರು.

ಹುಡುಕಿದ ಮೇಲೆ ಫೇಸ್‌ಬುಕ್‌ನಲ್ಲೇ ನೆಲೆಸುವುದನ್ನು ನಾವು ಒಪ್ಪುವುದಿಲ್ಲ. ಯಾರ ಬರಹ ಯಾರಿಗೆ ಕಾಣಬೇಕೆಂದು ಅದೇ ನಿರ್ಧರಿಸುತ್ತದೆ, ಹಿಂದಿನ ವಾರದ ಫೋಟೊ ಕೆಳಗೆ ಇಳಿದುಬಿಡುತ್ತದೆ. ಹಾಕಿದವರು ಖಾತೆ ಅಳಿಸಿದರೆ ಅವರ ಫೋಟೊಗಳೂ ಹೋದವು.

ಮಾತಿಗೆ ವಾಟ್ಸಾಪ್, ಸ್ವಲ್ಪ ಶಿಸ್ತಿನೊಡನೆ

ಎಪ್ಪತ್ತು ವರ್ಷದ ಕಾಕಾ, ಆಯಿ, ಬಾಜೂ ಮನೆಯ ಖಾಲಾ ಎಲ್ಲರ ಫೋನಿನಲ್ಲೂ ಈಗಾಗಲೇ ಇರುವ ಆ್ಯಪ್ ಇದೊಂದೇ. ಹೊಸದೇನೂ ಕಲಿಸಬೇಕಿಲ್ಲ. ಒಂದು ಗುಂಪಿಗೆ 1024 ಮಂದಿ ಹಿಡಿಯುತ್ತಾರೆ. ಓಣಿಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು.

ನಮ್ಮ ಭಾಗಕ್ಕೆ ಇದರ ದೊಡ್ಡ ಬಲ ಧ್ವನಿ ಸಂದೇಶ. ಒಂದೇ ಓಣಿಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಮನೆಗಳಿರುತ್ತವೆ. ಎಲ್ಲರಿಗೂ ಎಲ್ಲರ ಮಾತು ತಿಳಿಯುತ್ತದೆ, ಲಿಪಿ ಬರುವುದಿಲ್ಲ. ಬರೆಯಲು ಹೇಳಿದರೆ ಅರ್ಧ ಮಂದಿ ಮೂಗರಾಗುತ್ತಾರೆ. ಮೈಕ್ ಗುಂಡಿ ಒತ್ತಿ ಹಿಡಿಯಲು, ಕೈ ಸೋತರೆ ಮೇಲಕ್ಕೆ ಸರಿಸಿ ಲಾಕ್ ಮಾಡಲು ಒಮ್ಮೆ ತೋರಿಸಿದರೆ ಸಾಕು. ಮಾತಿನ ಮೊದಲಲ್ಲಿ ಹೆಸರು ಮತ್ತು ಯಾವ ಮನೆಯವರೆಂದು ಹೇಳಬೇಕು. ಒಂದು ಸಂದೇಶದಲ್ಲಿ ಒಂದೇ ಸಂಗತಿ, ಎರಡು ಮೂರು ನಿಮಿಷದೊಳಗೆ. ಇಪ್ಪತ್ತು ನಿಮಿಷದ ಸಂದೇಶವನ್ನು ಯಾರೂ ಪೂರ್ತಿ ಕೇಳುವುದಿಲ್ಲ, ಮುಂದೆ ಹುಡುಕಲೂ ಬರುವುದಿಲ್ಲ.

ಸೇರಿದವರ ಮೊದಲ ಸಂದೇಶಕ್ಕೆ ಒಂದು ಅಚ್ಚು ಕೊಡಿ: ಮನೆಯಲ್ಲಿ ಕರೆಯುತ್ತಿದ್ದ ಹೆಸರು, ತಂದೆಯ ಕೆಲಸ, ಮನೆಯ ಗುರುತು, ಯಾವ ಇಸವಿಯಿಂದ ಯಾವ ಇಸವಿವರೆಗೆ ಇದ್ದರು, ಈಗ ಯಾವ ಊರು. ಕರೆಯುವ ಹೆಸರನ್ನು ಮೊದಲಿಡುವುದಕ್ಕೆ ಕಾರಣವಿದೆ. ‘ಎಂ.ಎಸ್.ಕೆ. ಮಿಲ್ಲಿನ ಮಾಸ್ತರರ ಮಗಳು ಬೇಬಿ’ ಎಂದರೆ ಓಣಿಯೆಲ್ಲ ಗುರುತು ಹಿಡಿಯುತ್ತದೆ. ಆಧಾರ್ ಕಾರ್ಡಿನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಈ ಅಚ್ಚನ್ನು ಗುಂಪಿನ ಮೇಲ್ತುದಿಯಲ್ಲಿ ನಿಲ್ಲುವಂತೆ ಪಿನ್ ಮಾಡಿ. ಮೂರು ಸಂದೇಶ ಪಿನ್ ಮಾಡಬಹುದು, ಹೆಚ್ಚೆಂದರೆ 30 ದಿನ ಇರುತ್ತದೆ. ತಿಂಗಳಿಗೊಮ್ಮೆ ಮತ್ತೆ ಹಾಕಬೇಕು.

ಗುಂಪು ತಣ್ಣಗಾಗುವುದು ಪ್ರಶ್ನೆ ಸರಿಯಿಲ್ಲದಾಗ. ‘ಬಾಲ್ಯದ ನೆನಪು ಹಂಚಿಕೊಳ್ಳಿ’ ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. “ಕಾಕಾ, ಎಳ್ಳಮಾಸಿಗೆ ಓಣಿಯವರೆಲ್ಲ ಯಾರ ಹೊಲಕ್ಕ ಹೋಗ್ತಿದ್ರಿ? ಬಂಡಿ ಯಾರ್ದಿತ್ತು?” ಎಂದು ಕೇಳಿ. ಒಬ್ಬರು ಬಂಡಿ ಹೇಳುತ್ತಾರೆ, ಇನ್ನೊಬ್ಬರು ಎತ್ತಿನ ಹೆಸರು, ಮೂರನೆಯವರು ಭಜ್ಜಿ ಪಲ್ಯಕ್ಕೆ ಯಾವ ಯಾವ ಕಾಳು ಬೀಳುತ್ತಿತ್ತು ಎಂಬ ವಾದಕ್ಕೆ ಇಳಿಯುತ್ತಾರೆ. ವಾರಕ್ಕೆ ಒಂದೇ ಪ್ರಶ್ನೆ ಸಾಕು, ಭಾನುವಾರ ಬೆಳಗ್ಗೆ. ದಿನಕ್ಕೊಂದು ಹಾಕಿದರೆ ಹಿರಿಯರು ಗುಂಪನ್ನು ಮ್ಯೂಟ್ ಮಾಡುತ್ತಾರೆ.

ಇನ್ನು ಕೊರತೆ. ತಡವಾಗಿ ಸೇರಿದವರಿಗೆ ಮೊದಲಿನಿಂದ ನಡೆದ ಮಾತು ಪೂರ್ತಿ ಸಿಗುವುದಿಲ್ಲ. ಅವರು ಕೇಳಿದ್ದನ್ನೇ ಕೇಳುತ್ತಾರೆ, ಹಳಬರು ಬೇಸರಪಡುತ್ತಾರೆ. ಎಲ್ಲರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ. ಇದನ್ನು ಹೆಣ್ಣುಮಕ್ಕಳಿಗೆ ಸೇರಿಸುವ ಮೊದಲೇ ಹೇಳಬೇಕು, ಸೇರಿಸಿ ಆಮೇಲೆ ಹೇಳುವುದಲ್ಲ. 32 ಜಿಬಿಯ ಹಳೆ ಫೋನು ಎರಡೇ ತಿಂಗಳಲ್ಲಿ ತುಂಬಿ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನ ಸಂಗ್ರಹ ಮತ್ತು ಡೇಟಾ ವಿಭಾಗದಲ್ಲಿ ತಾನೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿಕೊಡಿ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಈಗ ಗೂಗಲ್ ಖಾತೆಯ 15 ಜಿಬಿಯಲ್ಲೇ ಲೆಕ್ಕವಾಗುತ್ತದೆ. ಅದು ತುಂಬಿದರೆ ಬ್ಯಾಕಪ್ ನಿಲ್ಲುತ್ತದೆ, ಫೋನು ಕಳೆದ ದಿನವೇ ಅದು ಗೊತ್ತಾಗುವುದು.

ಟೆಲಿಗ್ರಾಂ

ತಾಂತ್ರಿಕವಾಗಿ ವಾಟ್ಸಾಪ್‌ಗಿಂತ ಒಂದು ಕೈ ಮೇಲು. ಎಲ್ಲ ಅವರ ಸರ್ವರಿನಲ್ಲಿರುವುದರಿಂದ ಫೋನು ಬದಲಾದರೂ ಏನೂ ಹೋಗುವುದಿಲ್ಲ. ನಂಬರ್ ಮುಚ್ಚಿಡಬಹುದು. ಗುಂಪಿನ ಸೆಟ್ಟಿಂಗಿನಲ್ಲಿ ಹೊಸಬರಿಗೆ ಹಳೆ ಮಾತು ಕಾಣುವಂತೆ ತೆರೆದಿಟ್ಟರೆ ಮೊದಲ ದಿನದಿಂದ ಓದಬಹುದು. ‘ಶಾಲೆ’, ‘ಜಾತ್ರೆ’, ‘ಆಟ’ ಎಂದು ವಿಷಯಗಳನ್ನು ಬೇರ್ಪಡಿಸಬಹುದು. ಧ್ವನಿ ಸಂದೇಶಗಳೆಲ್ಲ ಗುಂಪಿನ ಪುಟದಲ್ಲಿ ಒಂದೇ ಕಡೆ ಸಾಲಾಗಿ ಸಿಗುತ್ತವೆ, ಇದು ನಮಗೆ ಬಹಳ ಹಿಡಿಸಿತು.

ಆದರೆ ಮಂದಿ ಬರುವುದಿಲ್ಲ. ಐವತ್ತು ದಾಟಿದವರಿಗೆ ಇನ್ನೊಂದು ಆ್ಯಪ್ ಹಾಕಿಸುವುದು ಕಷ್ಟ, ಹಾಕಿಸಿದರೂ ತೆರೆಯುವುದಿಲ್ಲ. ಬಹಳ ಕಾಲ ತೆರೆಯದ ಖಾತೆಯನ್ನು ಟೆಲಿಗ್ರಾಂ ತಾನೇ ಅಳಿಸುತ್ತದೆ. ಆ ಅವಧಿಯನ್ನು ಖಾಸಗಿತನದ ಸೆಟ್ಟಿಂಗಿನಲ್ಲಿ ಹೆಚ್ಚಿಸಿಕೊಡಬೇಕು. ಹಾಗಾಗಿ ಇದನ್ನು ಎಲ್ಲರ ಕಟ್ಟೆಯಾಗಿ ಅಲ್ಲ, ಸಂಗ್ರಹ ಮಾಡುವ ನಾಲ್ಕೈದು ಮಂದಿಯ ಕೋಣೆಯಾಗಿ ಬಳಸಿ. ವಾಟ್ಸಾಪ್‌ನಲ್ಲಿ ಬಂದ ಒಳ್ಳೆಯ ಧ್ವನಿ ಸಂದೇಶವನ್ನು ವಾರಕ್ಕೊಮ್ಮೆ ಇಲ್ಲಿಗೆ ಸಾಗಿಸಿದರೆ ಸಾಕು.

ಒಂದೇ ಫೋಟೊ, ನಾಲ್ಕು ದಾರಿ

ಹೋಲಿಕೆಗೆ ತೆಗೆದುಕೊಂಡದ್ದು ಮೂರೂವರೆ–ಐದು ಇಂಚಿನ ಕಪ್ಪು ಬಿಳುಪು ಫೋಟೊ. ದಸರೆಯ ಬನ್ನಿ ಕೊಡುವ ದಿನ, ವಾಡೆಯ ಅಂಗಳ, ಶಹಾಬಾದ್ ಫರಸಿಯ ಮೇಲೆ ಸಾಲಾಗಿ ನಿಂತ ಮಕ್ಕಳು, ಬಾಗಿಲಾಚೆ ಬೀದಿಯಲ್ಲಿ ಒಂದು ಅಂಗಡಿಯ ಬೋರ್ಡು. ಮಕ್ಕಳ ಮುಖ ಎಲ್ಲ ದಾರಿಯಲ್ಲೂ ಚೆನ್ನಾಗಿಯೇ ಬರುತ್ತದೆ. ಸೋಲು ಗೆಲುವು ತಿಳಿಯುವುದು ಆ ಬೋರ್ಡಿನಲ್ಲಿ.

ಸ್ಕ್ಯಾನರಿನಲ್ಲಿ 600 ಡಿಪಿಐ (ಇಂಚಿಗೆ 600 ಚುಕ್ಕಿ) ಇಟ್ಟರೆ ಈ ಫೋಟೊ 2100 ಕ್ಕೆ 3000 ಪಿಕ್ಸೆಲ್ ಆಗುತ್ತದೆ. ಹಿಗ್ಗಿಸಿದರೆ ಬೋರ್ಡಿನ ಅಕ್ಷರ ಓದಲು ಬರುತ್ತದೆ. ವಾಟ್ಸಾಪ್‌ನಲ್ಲಿ ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದಾಗ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿದು ಅಕ್ಷರ ಕಲಸಿಹೋಗುತ್ತದೆ. ಎಚ್‌ಡಿ ಒತ್ತಿದರೆ ವಾಸಿ. ಸರಿಯಾದ ದಾರಿ, ಜೋಡಿಸುವ ಪಿನ್ನಿನ ಗುರುತು ಒತ್ತಿ ‘ಡಾಕ್ಯುಮೆಂಟ್’ ಆಗಿ ಕಳಿಸುವುದು: 2 ಜಿಬಿವರೆಗಿನ ಫೈಲು ಇದ್ದದ್ದು ಇದ್ದಂತೆಯೇ, ಕೊಟ್ಟ ಹೆಸರಿನೊಡನೆ ಹೋಗುತ್ತದೆ. ಫೇಸ್‌ಬುಕ್ 2048 ಪಿಕ್ಸೆಲ್‌ಗೆ ಇಳಿಸುತ್ತದೆ. ಟೆಲಿಗ್ರಾಂನಲ್ಲೂ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತದೆ, ಫೈಲ್ ಆಗಿ ಕಳಿಸಿದರೆ ಇಲ್ಲ.

ಗೂಗಲ್ ಫೋಟೊಸ್‌ನ ಹಂಚಿದ ಆಲ್ಬಮ್ ಇಲ್ಲಿ ಎಲ್ಲಕ್ಕಿಂತ ಮುಂದು. ಮೂಲ ಗುಣಮಟ್ಟದಲ್ಲೇ ಇಡಬಹುದು, ಒಂದು ಆಲ್ಬಮ್‌ಗೆ 20,000 ಹಿಡಿಯುತ್ತದೆ, ನಡುವೆ ‘ಜಾತ್ರಿ’, ‘ಸಾಲಿ’ ಎಂದು ಶೀರ್ಷಿಕೆ ಹಾಕಬಹುದು. ಹಾಕಿದ ಫೋಟೊ ಹಾಕಿದವರ 15 ಜಿಬಿಯಲ್ಲೇ ಲೆಕ್ಕವಾಗುವುದರಿಂದ ಭಾರ ಒಬ್ಬರ ಮೇಲೆ ಬೀಳುವುದಿಲ್ಲ. ಇಂಥ ಸ್ಕ್ಯಾನು ಒಂದೊಂದು 3 ಎಂಬಿ ಎಂದು ಹಿಡಿದರೂ 15 ಜಿಬಿಗೆ ಐದು ಸಾವಿರ ಆಯಿತು. ಧ್ವನಿ ಫೈಲು ಮಾತ್ರ ಇದರಲ್ಲಿ ಹಾಕಲು ಬರುವುದಿಲ್ಲ. ಅದಕ್ಕೆ ಗೂಗಲ್ ಡ್ರೈವ್ ಬೇಕು.

ಎರಡು ಅಪಾಯ ಗೊತ್ತಿರಲಿ. ಯಾರಾದರೂ ಸಿಟ್ಟಾಗಿ ಆಲ್ಬಮ್ ಬಿಟ್ಟು ಹೋದರೆ ಅವರು ಹಾಕಿದ ಫೋಟೊಗಳೂ ಅವರ ಹಿಂದೆಯೇ ಹೋಗುತ್ತವೆ. ಎರಡು ವರ್ಷ ಬಳಸದ ಗೂಗಲ್ ಖಾತೆಯನ್ನು ಅಳಿಸುವ ನಿಯಮವೂ ಇದೆ. ಹಿರಿಯರು ತೀರಿಕೊಂಡ ಮೇಲೆ ಮನೆಯವರಿಗೆ ಇದು ಹೊಳೆಯುವುದೇ ಇಲ್ಲ. ಹೊಸ ಫೋಟೊ ಬಂದ ಕೂಡಲೇ ಇಬ್ಬರು ತಮ್ಮ ಖಾತೆಗೆ ಉಳಿಸಿಕೊಳ್ಳಬೇಕು, ವರ್ಷಕ್ಕೊಮ್ಮೆ ಹಾರ್ಡ್‌ಡಿಸ್ಕಿಗೆ ಇಳಿಸಬೇಕು.

ಸ್ಕ್ಯಾನರ್ ಇಲ್ಲದವರು ಫೋನಿನಲ್ಲೇ ತೆಗೆಯಿರಿ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಕಪ್ಪು ಬಟ್ಟೆಯ ಮೇಲೆ ಫೋಟೊ ಇಟ್ಟು, ಫ್ಲ್ಯಾಷ್ ಆರಿಸಿ, ಫೋನನ್ನು ಫೋಟೊಗೆ ಸಮಾನಾಂತರವಾಗಿ ಹಿಡಿಯಿರಿ. ಹೊಳಪಿನ ಕಾಗದ ಮಿಂಚುತ್ತಿದ್ದರೆ ಗೂಗಲ್‌ನ ಫೋಟೊಸ್ಕ್ಯಾನ್ ಆ್ಯಪ್ ಬಳಸಿ. ನಾಲ್ಕು ಚುಕ್ಕಿಗಳ ಕಡೆಗೆ ಫೋನು ಸರಿಸಿದರೆ ಮಿಂಚು ತೆಗೆದು ಕೂಡಿಸಿಕೊಡುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿದ ಫೋಟೊವನ್ನು ಎಳೆದು ಬಿಡಿಸಬೇಡಿ, ಮುಖದ ಮೇಲಿನ ಪದರ ಗಾಜಿನಲ್ಲೇ ಉಳಿದುಬಿಡುತ್ತದೆ. ಗಾಜಿನ ಮೇಲಿಂದಲೇ ತೆಗೆಯಿರಿ.

ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋ ಮುದ್ರೆ, ಪೆನ್ಸಿಲ್ಲಿನಲ್ಲಿ ಬರೆದ ಇಸವಿ, ಯಾರದೋ ಕೈಬರಹ ಅಲ್ಲಿರುತ್ತದೆ.

ಇಸವಿ ಬರೆದಿರದಿದ್ದರೆ ಫೋಟೊವೇ ಹೇಳುತ್ತದೆ. ವಾಹನದ ಫಲಕದ ಮೇಲೆ ಕಲಬುರಗಿಯ ಕೆಎ 32 ಇದ್ದರೆ ಅದು 1989ಕ್ಕಿಂತ ಹಿಂದಿನದಲ್ಲ. ಲಕೋಟೆಯ ಮೇಲೆ 585101 ಎಂಬ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ಆದಮೇಲಿನದು. ಬಂದೇ ನವಾಜರ ಉರುಸಿನ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಅದು ಇಸ್ಲಾಮಿ ಪಂಚಾಂಗದ ಜಿಲ್ಕಾದ್ ತಿಂಗಳಲ್ಲಿ ಬರುತ್ತದೆ. ಚಾಂದ್ರಮಾನದ ಲೆಕ್ಕವಾದ್ದರಿಂದ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 1980ರಲ್ಲಿ ಸೆಪ್ಟೆಂಬರಿನಲ್ಲಿ ಬಂದದ್ದು 1990ಕ್ಕೆ ಜೂನಿಗೆ, 1993ಕ್ಕೆ ಮೇ ತಿಂಗಳಿಗೆ ಬಂತು. ‘ಬ್ಯಾಸಗಿ ಸೂಟಿಯೊಳಗ ಉರುಸಿಗೆ ಹೋಗಿದ್ವಿ’ ಎಂದು ಯಾರಾದರೂ ನೆನಪಿಸಿಕೊಂಡರೆ ಅದು ತೊಂಬತ್ತರ ದಶಕದ ಮೊದಲರ್ಧದ ಮಾತೆಂದು ಹಿಡಿಯಬಹುದು.

ಸಿಕ್ಕ ಇಸವಿಯನ್ನು ಆಲ್ಬಮಿನ ದಿನಾಂಕದಲ್ಲಿ ತಿದ್ದಿ. ಇಲ್ಲದಿದ್ದರೆ 1984ರ ಫೋಟೊ ಇವತ್ತಿನ ದಿನಾಂಕಕ್ಕೆ ಕೂಡುತ್ತದೆ. ಆದರೆ ಹೀಗೆ ತಿದ್ದಿದ್ದು ಫೈಲಿನ ಒಳಗೆ ಇಳಿಯುವುದಿಲ್ಲ, ಬೇರೆ ಕಡೆ ಇಳಿಸಿಕೊಂಡಾಗ ಮಾಯ. ಅದಕ್ಕೇ ಫೈಲಿನ ಹೆಸರಿನಲ್ಲೇ ಬರೆಯಿರಿ: ‘1984-ಅಂದಾಜು-ಬ್ರಹ್ಮಪುರ-ಬನ್ನಿ-ಹಿಂಬದಿ’.

ಮೋಸದ ಕಡೆ ಒಂದು ಕಣ್ಣು

ಹುಟ್ಟಿದೂರು, ತಾಯಿಯ ತವರಿನ ಹೆಸರು, ಮೊದಲ ಶಾಲೆ, ಸಾಕಿದ ನಾಯಿ: ಓಣಿಯ ನೆನಪಿನಲ್ಲಿ ಸಹಜವಾಗಿ ಬರುವ ಇವೇ ಎಷ್ಟೋ ಖಾತೆಗಳ ಗುಪ್ತಪ್ರಶ್ನೆಯ ಉತ್ತರ. ಅಂಥ ಖಾತೆಗಳಲ್ಲಿ ಉತ್ತರವನ್ನು ಮೊದಲು ಬದಲಿಸಿ. ವಾಟ್ಸಾಪ್‌ನಲ್ಲಿ ಎರಡು ಹಂತದ ಪರಿಶೀಲನೆಯ ಆರಂಕಿ ಪಿನ್ ಹಿರಿಯರ ಫೋನಿನಲ್ಲಿ ನೀವೇ ಕೂತು ಹಾಕಿಕೊಡಿ. ಗುಂಪಿನವರ ಹೆಸರಿನಲ್ಲೇ “ನಿನಗೊಂದು ಕೋಡ್ ಬಂದದ, ಕಳಿಸು” ಎಂದು ಸಂದೇಶ ಬಂದರೆ ಅವರ ಖಾತೆ ಕದ್ದಾಗಿದೆ ಎಂದೇ ಅರ್ಥ. ಕೋಡ್ ಕೊಡದೆ ಅವರಿಗೆ ಮಾಮೂಲಿ ಫೋನು ಹಚ್ಚಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ವಿಡಿಯೊ ಕರೆ ಬಗ್ಗೆ ಹೆಚ್ಚು ಹೇಳಲು ಇಲ್ಲ. ವಾಟ್ಸಾಪ್‌ನಲ್ಲಿ 32 ಮಂದಿ. ಉಚಿತ ಜೂಮ್ 40 ನಿಮಿಷಕ್ಕೆ, ಉಚಿತ ಗೂಗಲ್ ಮೀಟ್ 60 ನಿಮಿಷಕ್ಕೆ ಕಡಿಯುತ್ತದೆ. ಹತ್ತು ಮನೆಯವರಾದರೆ ವಾಟ್ಸಾಪ್ ಸಾಕು. ಒಂದು ಹಳೆ ಫೋಟೊವನ್ನು ಪರದೆ ಮೇಲೆ ಹಂಚಿಟ್ಟರೆ ಮಾತು ಒಂದು ದಿಕ್ಕಿಗೆ ಹರಿಯುತ್ತದೆ, ಇಲ್ಲದಿದ್ದರೆ ಎಲ್ಲರೂ ಒಟ್ಟಿಗೆ “ಕೇಳ್ತದ ಏನ್ರಿ?” ಎನ್ನುವುದರಲ್ಲೇ ಮುಗಿಯುತ್ತದೆ.

ನಕ್ಷೆ: ಎಲ್ಲಕ್ಕಿಂತ ಹೆಚ್ಚು ನೆನಪು ತೆಗೆದದ್ದು

ಮಂದಿಗೆ ಇಸವಿ ನೆನಪಿರುವುದಿಲ್ಲ, ಜಾಗ ನೆನಪಿರುತ್ತದೆ. ಲಗೋರಿಯ ಕಲ್ಲು ಯಾವ ಕಟ್ಟೆಯ ಹತ್ತಿರ ಪೇರಿಸುತ್ತಿದ್ದರು, ಬಗರಿ ಆಡಿದ ಬಯಲು ಎಲ್ಲಿ ಎಂಬುದು ಕಣ್ಣಿಗೆ ಕಟ್ಟಿದಂತಿರುತ್ತದೆ. ಗೂಗಲ್ ಮೈ ಮ್ಯಾಪ್ಸ್ ಇದಕ್ಕೆ ಉಚಿತವಾಗಿ ಸಿಗುತ್ತದೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಹೊಸ ನಕ್ಷೆ ತೆರೆದು ಮನೆಗಳಿಗೊಂದು, ಅಂಗಡಿ–ಗಿರಣಿಗಳಿಗೊಂದು, ಆಟದ ಜಾಗಗಳಿಗೊಂದು ಪದರ ಮಾಡಿ. ಹತ್ತು ಪದರಗಳವರೆಗೆ ಅವಕಾಶವಿದೆ. ಪ್ರತಿ ಗುರುತಿಗೆ ಹೆಸರು, ನಾಲ್ಕು ಸಾಲು, ಒಂದು ಫೋಟೊ ಸೇರಿಸಿ. ತಿದ್ದುವ ಹಕ್ಕು ಇಬ್ಬರಿಗೆ ಮಾತ್ರ, ಉಳಿದವರಿಗೆ ನೋಡುವ ಲಿಂಕ್. ಫೋನಿನಲ್ಲಿ ನೋಡಬಹುದು, ತಿದ್ದುವುದು ಪೇಚಿನ ಕೆಲಸ. ಈಗ ಆ ಮನೆಗಳಲ್ಲಿರುವವರ ವಿವರ ಹಾಕಬಾರದು, ಹಳೆಯದಷ್ಟೇ.

ನೇರವಾಗಿ ಕಂಪ್ಯೂಟರಿನಲ್ಲಿ ಶುರು ಮಾಡಿದರೆ ಎಡವುತ್ತೀರಿ. ರಸ್ತೆ ಅಗಲವಾದ ಕಡೆ ಹಳೆ ಮನೆಯ ಗುರುತು ನಡುರಸ್ತೆಗೆ ಬೀಳುತ್ತದೆ, ವಾಡೆ ಒಡೆದು ಅಪಾರ್ಟ್‌ಮೆಂಟ್ ಎದ್ದ ಕಡೆ ಅಳತೆಯೇ ಸಿಗುವುದಿಲ್ಲ. ಮೊದಲು ಒಂದು ಎ4 ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಓಣಿ ಬರೆಯಿರಿ: ನಲ್ಲಿ, ಬೇವಿನ ಗಿಡ, ಗುಡಿ, ಮಸೀದಿ, ಗಿರಣಿ. ನಡುವಿನ ಮನೆಗಳನ್ನು ಖಾಲಿ ಚೌಕವಾಗಿ ಬಿಟ್ಟು ವಾಟ್ಸಾಪ್‌ಗೆ ಹಾಕಿ. ಪ್ರಶ್ನೆಗೆ ಸುಮ್ಮನಿದ್ದವರು ತಪ್ಪು ಕಂಡರೆ ಸುಮ್ಮನಿರುವುದಿಲ್ಲ. “ಗಿರಣಿ ಅಲ್ಲಿಲ್ರೀ, ಅದರ ಹಿಂದ, ಆಪಾನ ಮನಿ ಬಾಜೂಕ” ಎಂದು ತಿದ್ದುತ್ತಾರೆ, ಮೂರು ನಾಲ್ಕು ಸುತ್ತಿನಲ್ಲಿ ಓಣಿ ತುಂಬುತ್ತದೆ. ಆಮೇಲೆ ಮೈ ಮ್ಯಾಪ್ಸ್‌ಗೆ ಏರಿಸಿ.

ಫೋನೇ ಮುಟ್ಟದ ಹಿರಿಯರು ಪ್ರತಿ ಓಣಿಯಲ್ಲೂ ಒಬ್ಬಿಬ್ಬರು ಇರುತ್ತಾರೆ, ಎಲ್ಲರಿಗಿಂತ ಹೆಚ್ಚು ಗೊತ್ತಿರುವುದೂ ಅವರಿಗೇ. ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆಗೆಂದು ಊರಿಗೆ ಬರುವಾಗ ಆ ಕೈನಕ್ಷೆಯನ್ನು ಎ3 ಹಾಳೆಗೆ ದೊಡ್ಡದಾಗಿ ಜೆರಾಕ್ಸ್ ಮಾಡಿಸಿಕೊಂಡು ಬನ್ನಿ. ಪಡಸಾಲೆಯಲ್ಲಿ ಮುತ್ಯಾನ ಮುಂದೆ ಹಾಸಿ, ಕೆಂಪು ಪೆನ್ನು ಕೈಗೆ ಕೊಟ್ಟು, ಫೋನಿನ ರೆಕಾರ್ಡರ್ ಹಚ್ಚಿಡಿ. ಅವರು ಬೆರಳಿಟ್ಟ ಪ್ರತಿ ಚೌಕಕ್ಕೂ ಒಂದು ಅಂಕಿ ಬರೆಯಿರಿ, ಆ ಅಂಕಿಯನ್ನು ಬಾಯಿಬಿಟ್ಟು ಹೇಳಿ. ಮನೆಗೆ ಹೋಗಿ ರೆಕಾರ್ಡಿಂಗ್ ಕೇಳುವಾಗ ಯಾವ ಮಾತು ಯಾವ ಮನೆಯದೆಂದು ಹುಡುಕಬೇಕಾಗುವುದಿಲ್ಲ.